ಲತೀನೋ ಅಂದರೆ ಯಾವ ದೇಶ

ಕಳೆದ ತಿಂಗಳು ಪುಣೆಯ ಹತ್ತಿರದ ಪಿಂಪ್ರಿಗೆ ಹೋಗಿದ್ದೆ. ದೇಶ ಒಡೆದ ಮೇಲೆ ಸಿಂಧ ಬಿಟ್ಟು ಬಂದವರಿಗಾಗಿ ಅಲ್ಲಿ ಎಬ್ಬಿಸಿರುವ ಡೇರೆಗಳ ಶಿಬಿರದಲ್ಲಿ ಅರಿವೆ, ಕಂಬಳಿ ಹಂಚುವುದಕ್ಕೆ ನಮ್ಮ ಶಾಲೆಯಿಂದ ನಾಲ್ವರು ಮಾಸ್ತರರನ್ನು ಕಳಿಸಿದ್ದರು. ಸಾಲಿನ ಕೊನೆಯ ಡೇರೆಯ ಮುಂದೆ ಒಬ್ಬ ಮುದುಕರು ಸಾರಂಗಿಯ ಕಮಾನಿಗೆ ರಾಳದ ಉಂಡೆ ಉಜ್ಜುತ್ತ ಕೂತಿದ್ದರು. ಬಿಸಿಲಿಗೆ ರಾಳ ತುಸು ಮೆತ್ತಗಾಗಿ ವಾಸನೆ ಬಿಟ್ಟಿತ್ತು. ಗಿಡದ ಅಂಟು, ಸ್ವಲ್ಪ ಹೊಗೆ, ಸ್ವಲ್ಪ ಹುಳಿ... ನನ್ನ ಕೈಯಲ್ಲಿದ್ದ ಕಂಬಳಿ ಕೆಳಗೆ ಬಿತ್ತು. ಜೊತೆಯವರು ನನಗೆ ಬಿಸಿಲು ಹತ್ತಿತೆಂದುಕೊಂಡು ನೆರಳಿಗೆ ಕರೆದೊಯ್ದು ನೀರು ಕುಡಿಸಿದರು. ನಾನು ನೀರು ಕುಡಿಯುತ್ತ, ಏಳು ವರ್ಷದ ಹಿಂದೆ ಒಂದು ಮಳೆಯ ಬೆಳಿಗ್ಗೆ ನಾನೇ ಆಡಿದ ನಾಲ್ಕು ಮಾತುಗಳನ್ನು ಮತ್ತೊಮ್ಮೆ ಕೇಳುತ್ತಿದ್ದೆ.

ಆಗ ನಾವು ಪುಣೆಯ ಸದಾಶಿವ ಪೇಠದಲ್ಲಿ, ಹಲವು ಬಿಡಾರಗಳ ಒಂದು ದೊಡ್ಡ ವಾಡೆಯಲ್ಲಿದ್ದೆವು. ಅಪ್ಪ ಧಾರವಾಡದ ಕಡೆಯವರು, ರೈಲ್ವೆ ಕಚೇರಿಯಲ್ಲಿ ಕಾರಕೂನರು. ವಾಡೆಯ ಬೀದಿಗೆ ಮುಖ ಮಾಡಿದ ಸಣ್ಣ ಕೋಣೆಯಲ್ಲಿ ಒಬ್ಬರು ಬಾಜಾ ಪೆಟ್ಟಿಗೆ, ಪಿಟೀಲು, ಸಾರಂಗಿ ದುರಸ್ತಿ ಮಾಡುತ್ತಿದ್ದರು. ಪುಣೆಯಲ್ಲಿ ಬಾಜಾ ಪೆಟ್ಟಿಗೆಗೆ, ಅಂದರೆ ಹಾರ್ಮೋನಿಯಂಗೆ, ಪೇಟಿ ಅನ್ನುತ್ತಾರೆ. ಹಾಗಾಗಿ ಬೀದಿಯ ಮಕ್ಕಳಿಗೆಲ್ಲ ಅವರು ಪೇಟಿ ಮಾಮಾ. ನಮಗೂ ಅಷ್ಟೇ. ಅವರ ನಿಜವಾದ ಹೆಸರನ್ನು ಒಮ್ಮೆ ನಾನೇ ಕೈಯಾರೆ ಬರೆದಿದ್ದೇನೆ, ಆದರೆ ಇಲ್ಲಿ ಬರೆಯುವ ಹಕ್ಕು ನನಗಿಲ್ಲ ಅನ್ನಿಸುತ್ತದೆ.

ಕರಿ ಟೊಪ್ಪಿಗೆ, ಪಾಯಜಾಮ, ಗೋದಿ ಬಣ್ಣ. ಬೀದಿಯಲ್ಲಿ ನೋಡಿದವರು ಗೋವೆಯ ಕಡೆಯವರೆಂದುಕೊಳ್ಳುತ್ತಿದ್ದರು. ಎಡಗಾಲು ಎಳೆದುಹಾಕಿ ನಡೆಯುತ್ತಿದ್ದರು. ಬಾಯಿ ತೆರೆದರೆ ಕನ್ನಡ! ಅದೂ ನಮ್ಮ ಮನೆಯ ಕನ್ನಡದಂಥದ್ದಲ್ಲ. ನಾವು 'ಅದ' ಅನ್ನುತ್ತಿದ್ದೆವು, ಅವರದು 'ಐತಿ'. ಒಂದು ಸರ್ಕಸ್ ಕಂಪನಿಯ ಜೊತೆ ಅವರು ಸಮುದ್ರ ದಾಟಿ ಬಂದವರು. ತಂತಿಯ ಮೇಲೆ ನಡೆಯುವುದು ಅವರ ಆಟ. ಇಲ್ಲಿಗೆ ಬಂದ ಮೇಲೆ ಕಂಪನಿ ಸೇರಿಸಿಕೊಂಡ ಡೇರೆ ಎಬ್ಬಿಸುವವರು, ಆನೆಗೆ ಮೇವು ಹಾಕುವವರು, ಅಡಿಗೆಯವರು ಎಲ್ಲರೂ ಜಮಖಂಡಿ, ವಿಜಾಪುರದ ಕಡೆಯವರು. ಅವರಿಂದ ಕಲಿತ ಭಾಷೆ. ಮಾಮಾನ ಮಾತು ಕೇಳಿ ಅವ್ವ ನಗುತ್ತಿದ್ದಳು: "ಆನಿ ಮಾವುತನ ಬಾಯಿ ಅದ ನೋಡ ಈ ಮನಷ್ಯಾಂದು. ಆದ್ರ ಮನಸು ಛಲೋ."

ಪುಣೆಯಲ್ಲಿ ಡೇರೆ ಹಾಕಿದ್ದಾಗ ಅವರು ತಂತಿಯಿಂದ ಬಿದ್ದರಂತೆ. ಸೊಂಟದ ಎಲುಬು ಮುರಿದು ಮೂರು ತಿಂಗಳು ದವಾಖಾನೆಯಲ್ಲಿ ಮಲಗಿದ್ದರು. ಅಷ್ಟರಲ್ಲಿ ಕಂಪನಿ ಮುಂದಿನ ಊರಿಗೆ, ಅಲ್ಲಿಂದ ಮತ್ತೊಂದು ಊರಿಗೆ ಹೋಗಿತ್ತು. ಸಣ್ಣವರಿದ್ದಾಗ ತಂದೆಯಿಂದ ಪಿಟೀಲು ಕಲಿತಿದ್ದರು. ನಾಟಕ ಕಂಪನಿಯವರ ಒಡೆದ ಪಿಟೀಲು ಕೂಡಿಸಿ ಕೊಟ್ಟರು, ಆಮೇಲೆ ಪೇಟಿಯ ಸ್ವರ ತಿದ್ದುವುದನ್ನು ತಾವೇ ಕಲಿತರು. ಮೊದಲು ತಂತಿ ಹತ್ತುವಾಗ ಅಂಗಾಲಿಗೆ ರಾಳ ಹಚ್ಚಿಕೊಳ್ಳುತ್ತಿದ್ದವರು ಈಗ ಕಮಾನಿಗೆ ಹಚ್ಚುತ್ತಿದ್ದರು. "ರಾಳ ಅದನ ಐತಿ, ಮನಷ್ಯಾ ಅಷ್ಟ ಕೆಳಗ ಇಳದಾನ" ಅನ್ನುತ್ತಿದ್ದರು. 

ಸದಾಶಿವ ಪೇಠ ಅವರನ್ನು ಒಳಗೆ ಬಿಟ್ಟುಕೊಂಡಿತ್ತು ಎಂದರೆ ಸುಳ್ಳಾಗುತ್ತದೆ. ವಾಡೆಯ ಬಾವಿಯ ಕಡೆ ಅವರು ಬರುವಂತಿರಲಿಲ್ಲ. ಚಹಾಕ್ಕೆ ಅವರದೇ ಒಂದು ಬಟ್ಟಲು, ಅದನ್ನು ಅವರೇ ತೊಳೆದು ಕಿಟಕಿಯ ಕಟ್ಟೆಯ ಮೇಲೆ ಇಡಬೇಕು. ಆದರೂ ಹಬ್ಬದ ಹೋಳಿಗೆ ಅವರಿಗೆ ಹೋಗುತ್ತಿತ್ತು. ನನಗೆ ಜ್ವರ ಬಂದಾಗ ಕಿಟಕಿಯ ಆಚೆ ನಿಂತು ಪಿಟೀಲು ಬಾರಿಸಿದ್ದು ನೆನಪಿದೆ. ಯಾವ ಹಾಡು ಎಂದು ಕೇಳಿದ್ದಕ್ಕೆ "ಅಳೋ ಕೂಸಿನ ಬಾಯಿ ಮುಚ್ಚಸೋ ಹಾಡು, ನಿನಗ ಅದ ಸರಿ" ಅಂದಿದ್ದರು. ಆಗ ನಾನು ಇಂಟರ್ ಪರೀಕ್ಷೆಗೆ ಕೂತವನು...

ನೀವು ಯಾರು ಎಂದು ಯಾರಾದರೂ ಕೇಳಿದರೆ ಅವರು ಒಂದೇ ಉತ್ತರ ಕೊಡುತ್ತಿದ್ದರು. "ಲತೀನೋ." ಇಂಗ್ಲಿಷ್ ಪುಸ್ತಕಗಳಲ್ಲಿ ಲ್ಯಾಟಿನ್ ಎಂದು ಬರೆಯುವ ಶಬ್ದವನ್ನೇ ಅವರ ಕಡೆಯವರು ಹಾಗೆ ಅನ್ನುತ್ತಾರೆ. ಬೀದಿಯಲ್ಲಿ ಯಾರಿಗೆ ಅದು ಗೊತ್ತು? ನಮ್ಮ ಕನ್ನಡ ಮನೆಗಳ ಪುಂಡರಿಗೆ ಅದು ಲಾತ ತಿನ್ನುವುದು, ಅಂದರೆ ಒದೆ ತಿನ್ನುವುದು, ಎಂದು ಕೇಳಿಸಿತು. ನಾವು ಶಾಲೆಯಿಂದ ಬರುವಾಗ ಅಂಗಡಿಯ ಮುಂದೆ ನಿಂತು ಕೂಗುತ್ತಿದ್ದೆವು.

"ಮಾಮಾ, ನೀ ಯಾರು?"

"ಲತೀನೋ."

"ಲಾತ ತಿನ್ನೋ! ಲಾತ ತಿನ್ನೋ!"

ಅವರು ಸಿಟ್ಟಾಗುತ್ತಿರಲಿಲ್ಲ. ಪಿಟೀಲಿನ ಕಮಾನನ್ನು ಬೆತ್ತದ ಹಾಗೆ ಎತ್ತಿ, "ಬರ್ರಲೇ ಇಲ್ಲಿ, ಹೌದು, ತಿಂದೀನಿ. ಏಳು ದೇಶದಾಗ ತಿಂದೀನಿ. ನಿಮಗೂ ಒಂದೀಟು ಕೊಡ್ತೀನಿ" ಅನ್ನುತ್ತಿದ್ದರು. ನಾವು ಓಡುತ್ತಿದ್ದೆವು. ಹಾಗೆ ಕೂಗಿದವರಲ್ಲಿ ನನ್ನ ದನಿಯೇ ದೊಡ್ಡದು.

ಯುದ್ಧ ಶುರುವಾದಾಗ ನಾನು ಬಿ.ಎ. ಮುಗಿಸಿದ್ದೆ. ಚರಿತ್ರೆ ನನ್ನ ವಿಷಯ. ರೋಮಿನ ಚರಿತ್ರೆಯಲ್ಲಿ ಕಾಲೇಜಿಗೇ ಹೆಚ್ಚು ಅಂಕ ನನಗೆ ಬಂದಿತ್ತು. ಪರದೇಶದಿಂದ ಬಂದವರೆಲ್ಲ ತಮ್ಮ ಹೆಸರು, ದೇಶ ಬರೆಸಬೇಕೆಂದು ಹುಕುಂ ಹೊರಟಿತು. ಮಾಮಾ ಅಚ್ಚಾದ ಕಾಗದವೊಂದನ್ನು ಹಿಡಿದುಕೊಂಡು ನಮ್ಮ ಕಟ್ಟೆಗೆ ಬಂದರು. ಕನ್ನಡ, ಮರಾಠಿ ಮಾತಾಡುತ್ತಿದ್ದರೇ ಹೊರತು ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಅಪ್ಪ ಕಟ್ಟೆಯ ಮೇಲೆ ಅಡಕೆ ಕತ್ತರಿಸುತ್ತ ಕೂತಿದ್ದರು. ನಾನು ಮಸಿ, ಲೇಖಣಿ ತಂದೆ. ಹೆಸರು ಬರೆದದ್ದಾಯಿತು, ಉದ್ಯೋಗ ಬರೆದದ್ದಾಯಿತು.

"ದೇಶ ಯಾವುದು ಬರೀಲಿ, ಮಾಮಾ?"

"ಲತೀನೋ."

"ಅದು ದೇಶ ಅಲ್ಲ."

"ಮತ್ತ ಏನದು? ನೀನ ಹೇಳು, ಭಾಳ ಶಾಣ್ಯಾ ಅದಿ."

ನಾನು ಲೇಖಣಿಯನ್ನು ಮತ್ತೆ ಮಸಿಯಲ್ಲಿ ಅದ್ದಿದೆ. ಮಾಮಾ ಅಪ್ಪನ ಕಡೆ ತಿರುಗಿದರು. "ರಾಯರ, ನೀವು ಯಾರ್ರಿ?"

"ನಾವು ಕನ್ನಡದವರು."

"ನಿಮ್ಮ ಕನ್ನಡ ದೇಶ ಎಲ್ಲೈತ್ರಿ?"

ಅಪ್ಪ ಅಡಕತ್ತರಿ ಕೆಳಗಿಟ್ಟರು. "ಎಲ್ಲದ ಅಂತ ಹೇಳ್ಲಿ? ನಮ್ಮ ಧಾರವಾಡ ಮುಂಬಯಿ ಇಲಾಖೆದಾಗ ಅದ. ನಮ್ಮ ತಂಗೀನ್ನ ಕೊಟ್ಟದ್ದು ರಾಯಚೂರಿಗೆ, ಅದು ನಿಜಾಮಂದು. ಇವನ ಸೋದರಮಾವ ಇರೋದು ಮೈಸೂರು ಸೀಮ್ಯಾಗ. ಸಾಂಗಲಿ, ಜಮಖಂಡಿ ಅಂದ್ರ ಒಬ್ಬೊಬ್ಬ ರಾಜಾ."

"ಹಂಗಾರ ನಕಾಶೆದಾಗ ಕನ್ನಡ ಅಂತ ದೇಶ ಇಲ್ಲ?"

"ಇಲ್ಲ."

"ಆದ್ರ ನೀವು ಅದೀರಿ."

"ಅದೀವಲ್ಲ ಮತ್ತ!"

"ನಾನೂ ಹಂಗ ಅದೀನ್ರಿ."

ಅಪ್ಪ ನಕ್ಕುಬಿಟ್ಟರು. ಮಾಮಾ ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದರು. ಅಮೆರಿಕದ ಕೆಳಭಾಗದಲ್ಲಿ ಒಂದರ ಪಕ್ಕ ಒಂದು ಎಷ್ಟೋ ದೇಶಗಳಿವೆಯಂತೆ. ಅವರ ತಾಯಿ ಬೆಟ್ಟದ ಮೇಲಿನ ಒಂದು ದೇಶದವರು, ತಂದೆ ಸಮುದ್ರದಂಡೆಯ ಇನ್ನೊಂದು ದೇಶದವರು. ಇಬ್ಬರೂ ಆಟದ ಕಂಪನಿಯವರು. ಗಡಿಯ ಹತ್ತಿರ, ನಡೆಯುತ್ತಿದ್ದ ಗಾಡಿಯಲ್ಲಿಯೇ ಇವರು ಹುಟ್ಟಿದ್ದು. ಈ ದೇಶದವರು ಮಗು ಆ ಕಡೆಯದೆಂದರು, ಆ ದೇಶದವರು ಈ ಕಡೆಯದೆಂದರು. ಎಲ್ಲಿಯೂ ಹೆಸರು ಬರೆಯಲಿಲ್ಲ. ಆ ದೇಶಗಳನ್ನೆಲ್ಲ ಹಿಂದೆ ಗೆದ್ದು ಕೂತವರ ಭಾಷೆ ಹಳೆಯ ಲ್ಯಾಟಿನ್ನಿನ ಮಗಳು. ಆ ಮಗಳ ಭಾಷೆ ಆಡುವವರಿಗೆಲ್ಲ ಸೇರಿಸಿ ಆ ಹೆಸರು. ಇದನ್ನು ಅವರಿಗೆ ಯಾರೋ ಹಡಗಿನ ಪಾದ್ರಿ ಹೇಳಿದ್ದಂತೆ.

"ಹಡಗಿನ್ಯಾಗ ಬಿಳಿ ಮಂದಿ ನಮಗೆಲ್ಲಾ ಒಂದ ಹೆಸರಿಲೆ ಕರೀತಿದ್ರು. ಮೊದಲ ಬೈದಂಗ ಕೇಳ್ತಿತ್ತು. ಆಮ್ಯಾಲ ನಾವ ಅದನ್ನ ಹಾಕ್ಕೊಂಡ್ವಿ, ಯಾರದೋ ಬಿಟ್ಟ ಅಂಗಿ ಹಾಕ್ಕೊಂಡಂಗ. ಹಾಕ್ಕೊಂಡು ಹಾಕ್ಕೊಂಡು ಮೈಗೆ ಕುಂತುಬಿಡ್ತು" ಎಂದರು.

ಪುಣೆಯವರು ನಮ್ಮನ್ನು 'ಕಾನಡಿ' ಎಂದು ಹಂಗಿಸಿ ಕರೆಯುವ ಧಾಟಿ ಅಪ್ಪನಿಗೆ ಗೊತ್ತಿತ್ತು. ಅವರು ಮಾಮಾನ ಕೈಗೆ ಎರಡು ಹೋಳು ಅಡಕೆ ಹಾಕಿ ನನಗೆ ಹೇಳಿದರು: "ಬರಿಯೋ, ಲತೀನೋ ಅಂತನ ಬರಿ. ಕೇಳಿದ್ರ ಹಿಂಗ ಅಂತ ಹೇಳಿದ್ರಾತು."

ಬರೆದೆ. ದುಂಡಗಿನ ಅಕ್ಷರದಲ್ಲಿ, ನಾನೇ ಬರೆದೆ. ಅದರ ಅರ್ಥ ಏನೆಂದು ಪುಣೆಯಲ್ಲಿ ಆಗ ಗೊತ್ತಿದ್ದವರು ಮೂರೇ ಜನ. ಮಾಮಾ, ಅಪ್ಪ ಮತ್ತು ನಾನು.

ಒಂಬತ್ತು ತಿಂಗಳು ಆ ಕಾಗದವನ್ನು ಯಾರೂ ತೆರೆದು ನೋಡಲಿಲ್ಲ. ಆಮೇಲೆ ಇಟಲಿ ಜರ್ಮನಿಯ ಪಕ್ಷ ಕಟ್ಟಿ ಯುದ್ಧಕ್ಕೆ ಇಳಿಯಿತು. ಮೂರನೆಯ ದಿನವೋ ನಾಲ್ಕನೆಯ ದಿನವೋ... ಮೃಗಶಿರೆಯ ಮಳೆ ಹಿಡಿದಿತ್ತು. ಬೆಳಿಗ್ಗೆ ಎಂಟು ಗಂಟೆ. ನಾನು ಸ್ನಾನ ಮುಗಿಸಿ ಹೊಸಿಲಲ್ಲಿ ನಿಂತಿದ್ದೆ. ಬೂಟುಗಳ ಸದ್ದು ಕೇಳಿಸಿತು. ಒಬ್ಬ ಬಿಳಿಯ ಅಧಿಕಾರಿ, ಒಬ್ಬ ಹವಾಲ್ದಾರ, ಬಂದೂಕು ಹಿಡಿದ ನಾಲ್ವರು. ಬೀದಿಯ ತುದಿಯಲ್ಲಿ ತಾಡಪತ್ರಿ ಹೊದಿಸಿದ ಲಾರಿ. ಮಾಮಾ ಆಗಷ್ಟೇ ಅಂಗಡಿಯ ಹಲಗೆ ತೆಗೆಯುತ್ತಿದ್ದರು.

ಅಧಿಕಾರಿ ಒಳಗೆ ಹೋಗಿ, ಸೊಂಟದ ಪಿಸ್ತೂಲು ತೆಗೆದು ಒಂದು ಪೇಟಿಯ ಮೇಲೆ ಇಟ್ಟ. ಕೂತುಕೊಳ್ಳಲು ಅದು ಅಡ್ಡ ಬರುತ್ತಿತ್ತೋ, ಹೆದರಿಸುವುದಕ್ಕೋ, ಗೊತ್ತಿಲ್ಲ. ಕಡತ ಬಿಚ್ಚಿ ಏನೋ ಕೇಳಿದ. ಮಾಮಾ ಕೈ ಮುಗಿದು "ಲತೀನೋ ಸಾಹೇಬ, ಲತೀನೋ" ಅಂದರು. ಹವಾಲ್ದಾರ ಹೊರಗೆ ಬಂದು, ಬಾಗಿಲುಗಳಲ್ಲಿ ನಿಂತಿದ್ದ ಜನರ ಕಡೆ ನೋಡಿ ಮರಾಠಿಯಲ್ಲಿ ಕೂಗಿದ: "ಇಂಗ್ರಜಿ ಕೋಣಾಲಾ ಯೇತೆ?"

ಇಂಗ್ಲಿಷ್ ಯಾರಿಗೆ ಬರುತ್ತದೆ... ಎಷ್ಟೋ ಬೆರಳುಗಳು ಒಮ್ಮೆಗೇ ನನ್ನ ಕಡೆ ತಿರುಗಿದವು. "ಹಾ ಕಾಯ, ಬಿ.ಎ. ಝಾಲಾಯ", ಇವನೇ ಇದ್ದಾನಲ್ಲ, ಬಿ.ಎ. ಆಗಿದ್ದಾನೆ, ಎಂದು ಎದುರು ಮನೆಯ ಅಜ್ಜಿ ಹೆಮ್ಮೆಯಿಂದ ಹೇಳಿದರು.

ಬಂದೂಕುಗಳ ನಡುವೆ ಹಾದು ಒಳಗೆ ಹೋದೆ. ಮಾಮಾ ನನ್ನನ್ನು ಕಂಡು ಉಸಿರು ಬಿಟ್ಟರು. "ಬಂದಿ? ಬಾ ಬಾ. ಹೇಳಪಾ ಇವಗ" ಅಂದರು.

ಅಧಿಕಾರಿ ನನ್ನದೇ ದುಂಡಗಿನ ಅಕ್ಷರದ ಮೇಲೆ ಬೆರಳಿಟ್ಟು ಇಂಗ್ಲಿಷಿನಲ್ಲಿ ಕೇಳಿದ: ಇದು ಎಲ್ಲಿಯದು?

ಎಲ್ಲಿಯದು. ಅವನು ಕೇಳಿದ್ದು ಮನುಷ್ಯನ ಬಗ್ಗೆ. ನನಗೆ ಕೇಳಿಸಿದ್ದು ಶಬ್ದದ ಬಗ್ಗೆ. ಪರೀಕ್ಷೆಯ ಕೊಠಡಿಯಲ್ಲಿ ಕೂತ ಹಾಗೆ ಆಯಿತು, ಗೊತ್ತಿರುವ ಪ್ರಶ್ನೆ ಬಂದಿತ್ತು. ನಾನು ನೆಟ್ಟಗೆ ನಿಂತು ಉತ್ತರ ಕೊಟ್ಟೆ: ಲ್ಯಾಟಿಯಂ ಎಂಬ ಸೀಮೆಯಿಂದ ಬಂದದ್ದು, ಸರ್. ರೋಮ್ ಪಟ್ಟಣದ ಸುತ್ತಲಿನ ಪ್ರಾಂತ. ಅಲ್ಲಿಯ ಜನಕ್ಕೆ ಈ ಹೆಸರು.

ಇಟಲಿಯಲ್ಲಿರುವ ರೋಮ್? ಎಂದು ಅವನು ಕೇಳಿದ.

ಹೌದು, ಇಟಲಿಯಲ್ಲಿ, ಸರ್.

ಇಷ್ಟೇ. ಅವನು ಬರೆಯತೊಡಗಿದ. ಬರೆಯುವಾಗ ನನಗೆ ಅರಿವಾಯಿತು. ಆಗಲೇ ಆಯಿತು, ಆಮೇಲಲ್ಲ. ಇದನ್ನು ನಾನು ಯಾರಿಗೂ ಹೇಳಿಲ್ಲ. 'ಆದರೆ' ಎಂಬ ಶಬ್ದ ನನ್ನ ಗಂಟಲಿಗೆ ಬಂದಿತ್ತು. ಆದರೆ ಇವರು ಅಲ್ಲಿಯವರಲ್ಲ, ಅದು ಶಬ್ದದ ಮೂಲ ಮಾತ್ರ, ಇವರ ದೇಶಕ್ಕೂ ಇಟಲಿಗೂ ನಡುವೆ ಒಂದು ದೊಡ್ಡ ಸಮುದ್ರವಿದೆ. ಮೂರು ವಾಕ್ಯ ಸಾಕಿತ್ತು. ಅವನ ಲೇಖಣಿ ಎರಡೂವರೆ ಸಾಲು ಓಡುವಷ್ಟು ಹೊತ್ತು ನನಗೆ ಸಿಕ್ಕಿತ್ತು. ನಾನು ಪೇಟಿಯ ಮೇಲಿನ ಪಿಸ್ತೂಲು ನೋಡುತ್ತಿದ್ದೆ. ಅವನು ತಲೆ ಎತ್ತಿ, ನಿನ್ನ ಇಂಗ್ಲಿಷ್ ಚೆನ್ನಾಗಿದೆ, ಎಂದ. ಥ್ಯಾಂಕ್ ಯೂ ಸರ್, ಅಂದೆ.

ಕಾಗದವನ್ನು ನನ್ನ ಮುಂದೆ ಇಟ್ಟ, ಸಹಿ ಮಾಡಿದೆ. ಹೆಸರಿನ ಮುಂದೆ ಬಿ.ಎ. ಎಂದೂ ಬರೆದೆ. ಅದನ್ನು ಯಾರೂ ಕೇಳಿರಲಿಲ್ಲ.

ಪೋಲೀಸರು ತೋಳು ಹಿಡಿದಾಗ ಮಾಮಾ ಪ್ರತಿಭಟಿಸಲಿಲ್ಲ. ಠಾಣೆಗೆ ಹೋಗಿ ಒಂದು ಸಹಿ ಮಾಡಿ ಬರುವುದೆಂದು ತಿಳಿದಿದ್ದರು. ನನ್ನ ಹೆಗಲು ತಟ್ಟಿ ಹೇಳಿದರು: "ಇಟಲಿ ಇಟಲಿ ಅಂದ್ಯಲ್ಲ, ನನ್ನ ಕಿವಿಗೂ ಬಿತ್ತು. ಇಟಲಿ ಅಲ್ಲ ಅಂತ ಹೇಳಿದಿ, ಛಲೋ ಆತು. ಎಷ್ಟ ಫಾಡ ಇಂಗ್ರಜಿ ಮಾತಾಡ್ತಿ! ಅಂಗಡಿ ಹಲಗಿ ಹಾಕ್ಕೊಂಡ ಬಿಡು, ಮಳಿ ಒಳಗ ಬರ್ತೈತಿ."

ನಾನು ಹೂಂ ಅಂದೆ.

ಹಲಗೆ ಹಾಕಿದೆ. ಅವರು ಸಂಜೆಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ವಾರದ ಮೇಲೆ, ಶತ್ರುದೇಶದವನೆಂದು ಅವರನ್ನು ಗುಡ್ಡದ ಮೇಲಿನ ಒಂದು ಬಂದಿಗಳ ಶಿಬಿರಕ್ಕೆ ಕಳಿಸಿದ್ದಾರೆಂದು ಗೊತ್ತಾಯಿತು.

ನಾನು ಏನೂ ಮಾಡಲಿಲ್ಲ ಎಂದಲ್ಲ. ಮಾಡಿದ್ದರ ಬಗೆಯೇ ಅಂಥದ್ದು. ಒಂದು ಅರ್ಜಿ ಬರೆದೆ. ಇವರು ದಕ್ಷಿಣ ಅಮೆರಿಕದವರು, ಪುಣೆಯಲ್ಲಿ ಬಹಳ ವರ್ಷದಿಂದ ಇದ್ದವರು, ಬಿಡುಗಡೆ ಮಾಡಬೇಕು ಎಂದು. ನಾನು ಕೊಟ್ಟ ಹೇಳಿಕೆಯ ಮಾತು ಅದರಲ್ಲಿ ಎತ್ತಲಿಲ್ಲ. ಉತ್ತರ ಬಂತು: ಸದರಿ ವ್ಯಕ್ತಿ ಇಟಲಿಯವನೆಂದು ಅವನನ್ನು ಬಲ್ಲ, ಓದಿದ ನೆರೆಯವರೊಬ್ಬರ ಸಹಿಯ ಹೇಳಿಕೆ ಇರುತ್ತದೆ. ಅದನ್ನು ಅಲ್ಲಗಳೆಯುವ ಪುರಾವೆ ಇದ್ದರೆ ಹಾಜರುಪಡಿಸುವುದು.

ಪುರಾವೆ ನಾನೇ ಆಗಿದ್ದೆ. ಪರಿಚಯದ ವಕೀಲರೊಬ್ಬರಲ್ಲಿ ಹೋದೆ. ಅವರು ನನ್ನ ಮಾತು ಪೂರ್ತಿ ಕೇಳಿ, ಕನ್ನಡಕ ತೆಗೆದರು. "ಪ್ರತಿಜ್ಞಾಪತ್ರ ಬರಕೊಡ್ರಿ. ನಾ ಹೇಳಿದ್ದು ತಪ್ಪು ಅಂತ. ಮನಷ್ಯಾ ಹೊರಗ ಬರಬಹುದು. ಆದ್ರ ಯುದ್ಧದ ಕಾಲದಾಗ ಸರಕಾರಕ್ಕ ಸುಳ್ಳು ಮಾಹಿತಿ ಕೊಟ್ಟವರನ್ನ ಏನ್ ಮಾಡ್ತಾರ ಗೊತ್ತದ ಅಲ್ಲ? ವಿಚಾರ ಮಾಡ್ರಿ."

ಮನೆಯಲ್ಲಿ ವಿಚಾರ ನಡೆಯಿತು. ಅಪ್ಪ ಅಡಕತ್ತರಿ ಹಿಡಿದು ಕೂತರು. ಲತೀನೋ ಅಂತನ ಬರಿ ಎಂದವರು ಅವರೇ. ಕಡೆಗೆ, "ನನ್ನ ನೌಕರಿ ಸರಕಾರದ್ದು. ನಿನ್ನ ನೌಕರಿ ಇನ್ನೂ ಹತ್ತಬೇಕಾಗೇದ. ಯುದ್ಧ ಮುಗದ ಮ್ಯಾಲ ಬಿಟ್ಟ ಬಿಡ್ತಾರ ತಗೋ" ಅಂದರು. ಅವ್ವ ಒಲೆಯ ಮುಂದಿನಿಂದ ಎದ್ದು ಬಂದಳು. "ಅವಗ ಯಾರದಾರ? ಅವ್ವಿಲ್ಲ, ಅಪ್ಪಿಲ್ಲ. ನೀನ ಹೋಗಿ ಹೇಳಿ ಬಾ. ಏನ್ ಗಲ್ಲಿಗೆ ಹಾಕ್ತಾರ ನಿನ್ನ?" ಅಂದಳು. ಅಪ್ಪ ಅವಳನ್ನು ಗದರಿಸಿದರು. ನಾನು ಅಪ್ಪನ ಮಾತು ಕೇಳಿದೆ. ಅಪ್ಪನ ಮಾತು ಕೇಳುವ ಮಗನಾಗಿ ನಾನು ಅದಕ್ಕೂ ಮೊದಲು ಎಂದೂ ಇರಲಿಲ್ಲ.

ಅವ್ವ ಆಮೇಲೆ ನನ್ನೊಡನೆ ಆ ವಿಷಯ ಎತ್ತಲಿಲ್ಲ. ಅಂಗಡಿಯ ಕೋಣೆಯನ್ನು ವಾಡೆಯ ಮಾಲೀಕರು ಖಾಲಿ ಮಾಡಿಸಿದರು. ಪೇಟಿಗಳನ್ನು ಅವುಗಳ ಮಾಲೀಕರು ಬಂದು ಒಯ್ದರು. ಸ್ವರ ಅರ್ಧ ತಿದ್ದಿದ್ದ ಒಂದನ್ನು ಕೇಳಿಕೊಂಡು ಯಾರೂ ಬರಲಿಲ್ಲ...

ಎರಡು ವರ್ಷದ ಮೇಲೆ ಭೇಟಿಗೆ ಪರವಾನಗಿ ಸಿಕ್ಕಿತು. ಆಗ ನನಗೆ ಶಾಲೆಯಲ್ಲಿ ನೌಕರಿ ಹತ್ತಿತ್ತು. ಬಸ್ಸಿನಲ್ಲಿ ಹೋಗಿ, ಗುಡ್ಡದ ಬುಡದಿಂದ ನಡೆದು ಹತ್ತಿದೆ. ತಂತಿಬೇಲಿಯ ಒಳಗೆ ಒಂದು ತಗಡಿನ ಕೋಣೆ, ಮೇಜು, ಎರಡು ಕುರ್ಚಿ. ಕಾವಲಿನ ಸಾರ್ಜೆಂಟ್ ಮೊದಲೇ ನಿಯಮ ಹೇಳಿದ: ಹತ್ತು ನಿಮಿಷ. ಇಂಗ್ಲಿಷಿನಲ್ಲಿ ಮಾತ್ರ ಮಾತಾಡಬೇಕು, ತನಗೆ ತಿಳಿಯದ ಭಾಷೆಯಲ್ಲಿ ಒಂದು ಮಾತೂ ಕೂಡದು.

ಮಾಮಾನಿಗೆ ಇಂಗ್ಲಿಷ್ ಬರುವುದಿಲ್ಲ ಎಂದೆ. ಸಾರ್ಜೆಂಟ್ ನಕ್ಕ. ಅವನ ಆಟವೆಲ್ಲ ನಮಗೆ ಗೊತ್ತು, ಇಲ್ಲಿಯ ಇಟಲಿಯವರ ಜೊತೆಗೂ ಕೂಡುವುದಿಲ್ಲ, ತನ್ನ ಸ್ವಂತ ಭಾಷೆಯೇ ಬಾರದವನ ಹಾಗೆ ನಟಿಸುತ್ತಾನೆ, ಎಂದ. ಇಟಲಿಯವರು ಅವನನ್ನು ಸರಕಾರದ ಗುಪ್ತಚರನೆಂದು ತಿಳಿದು ಬೇರೆ ಕೂರಿಸಿ ಉಣ್ಣಲು ಕೊಡುತ್ತಾರಂತೆ. ಅದನ್ನೂ ನಗುತ್ತಲೇ ಹೇಳಿದ.

ಮಾಮಾನನ್ನು ಕರೆತಂದರು. ಟೊಪ್ಪಿಗೆ ಇರಲಿಲ್ಲ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಎಡಗಾಲಿನ ಜೊತೆ ಬಲಗಾಲನ್ನೂ ಎಳೆಯುತ್ತಿದ್ದರು. ಕುರ್ಚಿಯಲ್ಲಿ ಕೂತು ನನ್ನನ್ನು ನೋಡಿದರು. ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತು. ಎರಡು ವರ್ಷ ಒಳಗೇ ಇಟ್ಟುಕೊಂಡಿದ್ದ ಮಾತನ್ನು ಜೋಪಾನವಾಗಿ ಹೊರಗೆ ತೆಗೆಯುವವರಂತೆ ಮೆಲ್ಲಗೆ ಕೇಳಿದರು.

"ಅವತ್ತ ಆ ಸಾಹೇಬಗ ನೀ ಏನ ಹೇಳಿದ್ಯೋ?"

ಸಾರ್ಜೆಂಟ್ ಮೇಜಿಗೆ ಗುದ್ದಿದ. ಇಂಗ್ಲಿಷ್!

ನಾನು ಒಂದು ಮಾತು ಹೇಳಬಹುದಿತ್ತು. 'ತಪ್ಪಾತು' ಎಂದರೆ ಸಾಕಿತ್ತು. ಹೇಳಿದ್ದರೆ ಏನಾಗುತ್ತಿತ್ತು? ನನ್ನನ್ನು ಹೊರಗೆ ಹಾಕುತ್ತಿದ್ದರು, ಅಷ್ಟೇ. ಆದರೆ ಆ ಗುದ್ದು ಕೇಳಿ ನನಗಾದದ್ದು ಹೆದರಿಕೆಯಲ್ಲ. ಸಮಾಧಾನ. ನಿಯಮ ಇದೆ, ಉತ್ತರ ಕೊಡುವ ಹಾಗಿಲ್ಲ! ನಾನು ಅವರ ಮುಖ ನೋಡಿ ಇಂಗ್ಲಿಷಿನಲ್ಲಿ ಹೇಳಿದೆ: ನಾನು ಚೆನ್ನಾಗಿದ್ದೇನೆ. ಅವ್ವ ಚೆನ್ನಾಗಿದ್ದಾಳೆ. ಅಪ್ಪ ಚೆನ್ನಾಗಿದ್ದಾರೆ. ಈ ವರ್ಷ ಮಳೆ ಚೆನ್ನಾಗಿದೆ. ಅವರು ನನ್ನ ತುಟಿಗಳನ್ನು ನೋಡುತ್ತಿದ್ದರು. ಮೊದಲು ಆ ಇಂಗ್ಲಿಷನ್ನು ಎಷ್ಟು ಹಿಗ್ಗಿ ಕೇಳಿದ್ದರು... ಹೇಳುವುದು ಮುಗಿಯಿತು. ಹತ್ತು ನಿಮಿಷ ಮುಗಿಯಲು ಇನ್ನೂ ಬಹಳ ಹೊತ್ತಿತ್ತು. ಎದ್ದು ಹೋಗುವಾಗ ಅವರು ಕೈ ಮುಗಿದರು. ಆ ಬೆಳಿಗ್ಗೆ ಅಧಿಕಾರಿಗೆ ಮುಗಿದ ಹಾಗೆಯೇ ಮುಗಿದರು.

ನಾನು ಮತ್ತೆ ಹೋಗಲಿಲ್ಲ. 

ಯುದ್ಧ ಮುಗಿದು ವರ್ಷವಾದ ಮೇಲೆ, ಬಿಟ್ಟಿರಬೇಕು, ಬಂದೇ ಬರುತ್ತಾರೆ ಎಂದು ಕಾಯ್ದೆವು. ಬರದೆ ಹೋದಾಗ ಕಚೇರಿಗೆ ಹೋಗಿ ವಿಚಾರಿಸಿದೆ. ಮರಾಠಿ ಕಾರಕೂನರು ಒಳ್ಳೆಯವರು. ದಪ್ಪ ಪುಸ್ತಕ ತೆಗೆದು ಹುಡುಕಿ, ಬೆರಳಿಟ್ಟು ತೋರಿಸಿದರು. ಸ್ವದೇಶಕ್ಕೆ ಕಳಿಸಲಾಗಿದೆ. ಹಡಗು ಇಳಿಯುವ ಬಂದರು, ನೇಪಲ್ಸ್, ಇಟಲಿ.

"ಘರೀ ಗೇಲಾ ಹೋ ತೋ, ಮಾಸ್ತರ" ಎಂದರು, ಅವನು ಮನೆಗೆ ಹೋದ, ಮಾಸ್ತರರೇ. ನನ್ನ ಮುಖ ನೋಡಿ ಅವರಿಗೆ ಅರ್ಥವಾಗಲಿಲ್ಲ. "ಆನಂದ ವ್ಹಾಯಲಾ ಪಾಹಿಜೆ ತುಮ್ಹಾಲಾ!" ನಿಮಗೆ ಸಂತೋಷವಾಗಬೇಕಲ್ಲ!

ಅವರು ಎಂದೂ ಕಾಲಿಡದ ದೇಶ. ಅಲ್ಲಿ ಒಬ್ಬರೂ ಪರಿಚಯದವರಿಲ್ಲ. ಅವರ ಬಾಯಲ್ಲಿರುವುದು ಗಡಿಯ ಎರಡೂ ಕಡೆಯ ಅಪ್ಪ ಅವ್ವನ ಭಾಷೆ, ಅದು ಬಿಟ್ಟರೆ ವಿಜಾಪುರದ ಡೇರೆಯಾಳುಗಳ ಕನ್ನಡ, ಸದಾಶಿವ ಪೇಠದ ಒಂದಿಷ್ಟು ಮರಾಠಿ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಕೇಳಿದಳು, "ಆ ಊರಿಗೆ ಕಾಗದ ಬರದ್ರ ಮುಟ್ಟತದೇನು?" ವಿಳಾಸವಿಲ್ಲ ಎಂದೆ. ಅವಳು ಒಳಗೆ ಹೋದಳು.

ಈ ಆಗಸ್ಟಿನಲ್ಲಿ ಸ್ವಾತಂತ್ರ್ಯ ಬಂತೆಂದು ಬೀದಿಯಲ್ಲೆಲ್ಲ ತೋರಣ ಕಟ್ಟಿದರು, ಪೇಢೆ ಹಂಚಿದರು. ಆ ಕಾನೂನು, ಆ ಅಧಿಕಾರಿ, ಆ ಲಾರಿ, ಯಾವುದೂ ಇನ್ನು ಇಲ್ಲ. ನನಗೆ ಈಗ ಯಾವ ಅಪಾಯವೂ ಇಲ್ಲ. ಹಾಗಾಗಿ ಪ್ರತಿಜ್ಞಾಪತ್ರ ಬರೆದೆ. ಸದರಿ ಹೇಳಿಕೆಯಲ್ಲಿ ನಾನು ಶಬ್ದದ ಮೂಲ ಹೇಳಿದ್ದೆ, ಅದರ ಅರ್ಥ ಹೇಳಿರಲಿಲ್ಲ. ಅರ್ಥ ನನಗೆ ಗೊತ್ತಿತ್ತು. ನಾಲ್ಕು ಪುಟ ಆಯಿತು. ಅದನ್ನು ಹಿಡಿದುಕೊಂಡು ಮೂರು ಕಚೇರಿ ತಿರುಗಿದೆ. ಕಡತ ಮುಗಿದಿದೆ, ತೆಗೆದುಕೊಂಡು ಏನು ಮಾಡಲಿ, ಎಂದು ಮೂರೂ ಕಡೆ ಕೇಳಿದರು. ಅವರು ಹೇಳುವುದೂ ಸರಿ.

ಪಿಂಪ್ರಿಯಿಂದ ಬಂದ ಮೇಲೆ ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ. ಶಾಲೆಯಲ್ಲಿ ರೋಮಿನ ಪಾಠ ಬಂದಾಗ ಗೋಡೆಯ ನಕಾಶೆಯ ಮುಂದೆ ನಿಲ್ಲುತ್ತೇನೆ. ನೇಪಲ್ಸ್‌ನಿಂದ ಮೇಲಕ್ಕೆ ಒಂದು ಬೆರಳಿನಷ್ಟು ಜಾಗ ಬಿಟ್ಟರೆ ಆ ಸೀಮೆ ಬರುತ್ತದೆ. ನಾನು ಅಧಿಕಾರಿಗೆ ಹೇಳಿದ ಸೀಮೆ. ಮಾಮಾ ಬದುಕಿದ್ದರೆ ಅಲ್ಲಿಯೇ ಎಲ್ಲೋ ಇದ್ದಾರು. ಬಂದರಿನಲ್ಲಿಯೋ ಯಾವುದೋ ಬೀದಿಯಲ್ಲಿಯೋ ಯಾರೋ ಅವರನ್ನು ಕೇಳುತ್ತಾರೆ, ನೀನು ಯಾರು? ಅವರು ಹೇಳುತ್ತಾರೆ, ಲತೀನೋ. ಸದಾಶಿವ ಪೇಠದಲ್ಲಿ ಆ ಮಾತಿಗೆ ನಗುವುದಕ್ಕಾದರೂ ನಾವಿದ್ದೆವು. ಅಲ್ಲಿ ಯಾರೂ ನಗುವುದಿಲ್ಲ. ಅಲ್ಲಿ ಎಲ್ಲರೂ ಅದೇ. ನಾವೂ ಅದೇ, ನೀನು ಎಲ್ಲಿಯವನು ಹೇಳು, ಎಂದು ಮತ್ತೊಮ್ಮೆ ಕೇಳುತ್ತಾರೆ. ಆ ಎರಡನೆಯ ಪ್ರಶ್ನೆಗೆ ಕೊಡಲು ಅವರ ಹತ್ತಿರ ಏನೂ ಇಲ್ಲ.